ರವದಿ ಸುಡಬೇಕಾ, ಇದ್ದಿಲು ಮಾಡಬೇಕಾ?

ಪ್ರಶ್ನೆ: ನಾವು ಪುಣೆಯ ಹಡಪಸರದವರು. ದೌಂಡ್ ಹತ್ತಿರ ಎರಡು ಎಕರೆ ಕಬ್ಬಿದೆ. ರವದಿ (ಕಬ್ಬಿನ ಒಣ ಎಲೆ) ಸುಡುವ ಬದಲು ಬಯೋಚಾರ್ (ಮಣ್ಣಿಗೆ ಬೆರೆಸುವ ಇದ್ದಿಲು) ಮಾಡಿದರೆ ಹವೆಗೆ ಒಳ್ಳೆಯದಂತೆ, ನಿಜವಾ?

ಉತ್ತರ: ನಿಜ. ಯೂರಿಯಾ ಹಾಕಿ ನೀರು ಬಿಟ್ಟಾಗ ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಏಳುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ. ಮಣ್ಣಿಗೆ ಬಯೋಚಾರ್ ಬೆರೆಸಿದರೆ ಈ ಅನಿಲ ಏಳೋದು ಎಷ್ಟೋ ಕಡೆ ತಗ್ಗುತ್ತದೆ, ಆದರೆ ಎಲ್ಲ ಮಣ್ಣಲ್ಲೂ ಒಂದೇ ಸಮ ಅಲ್ಲ.

ಬಯೋಚಾರ್ ಮಾಡಲು ಗುಂಡಿಯಲ್ಲಿ ಒಣ ರವದಿ ಸ್ವಲ್ಪ ಸ್ವಲ್ಪವೇ ಹಾಕಿ ಉರಿಸಿ. ಮೇಲೆ ಬಿಳಿ ಬೂದಿ ಕಂಡ ಕೂಡಲೇ ಮುಂದಿನ ಪದರ. ಕೊನೆಗೆ ನೀರು ಸುರಿದು ಪೂರ್ತಿ ಆರಿಸಿ. ಇದು ಮುಖ್ಯ, ಅಲ್ವಾ, ಇಲ್ಲದಿದ್ದರೆ ಎಲ್ಲಾ ಬೂದಿಯೇ. ಆ ಇದ್ದಿಲನ್ನು ಹಾಗೇ ಸುಮ್ನೆ ಹೊಲಕ್ಕೆ ಹಾಕಬೇಡಿ. ನನ್ನ ಟೆರೇಸಿನ ಮೆಂತ್ಯ ಹಾಗೆ ಹಾಕಿ ಹಳದಿಯಾಗಿತ್ತು, ಹೊಸ ಇದ್ದಿಲು ಸಾರಜನಕ ಹಿಡಿದುಕೊಂಡಿತ್ತು. ಎರಡು ವಾರ ಸಗಣಿ ಗೊಬ್ಬರದಲ್ಲಿ ಕಲಸಿಟ್ಟು ಹಾಕಿ.