ಲಾಟ್ ಗೆದ್ದ ಮೇಲೆ ವಿಳಾಸ ಯಾರಿಗೆ, ಎಷ್ಟು ಕೊಡಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನಾಣ್ಯ, ಹಳೆ ನೋಟು, ಅಂಚೆಚೀಟಿ ಸಂಗ್ರಾಹಕರದು. ಆನ್‌ಲೈನ್ ಹರಾಜಿನಲ್ಲಿ ಕೊಂಡ ವಸ್ತುವನ್ನು, ಅಂದರೆ ಲಾಟನ್ನು, ಮನೆಗೆ ತರಿಸಿಕೊಳ್ಳುವಾಗ ವಿಳಾಸ ಕೊಡುವ ಬಗ್ಗೆ ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಹಳೆ ನಾಣ್ಯಗಳ ಹರಾಜು ನಡೆಯುತ್ತದೆ. ಗೆದ್ದವರು ವಿಳಾಸ, ಫೋನ್ ನಂಬರ್, ದುಡ್ಡು ಕಟ್ಟಿದ ಸ್ಕ್ರೀನ್‌ಶಾಟ್ ಎಲ್ಲವನ್ನೂ ಗುಂಪಿನಲ್ಲೇ ಹಾಕುವ ರೂಢಿ. ನಾನೂ ಹಾಗೇ ಮಾಡುತ್ತ ಬಂದಿದ್ದೇನೆ. ತೊಂದರೆಯೇನಾದರೂ ಇದೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಇದೆ. ಬರೀ ವಿಳಾಸ ಅಂಥ ಗುಟ್ಟೇನಲ್ಲ. ಹಾಲಿನವರಿಗೂ ಪೇಪರ್ ಹುಡುಗನಿಗೂ ಗೊತ್ತಿರುತ್ತದೆ. ಹರಾಜಿನ ಗುಂಪಿನಲ್ಲಿ ಮಾತ್ರ ಅದು ಒಂಟಿಯಾಗಿ ಹೋಗುವುದಿಲ್ಲ. ನಾಲ್ಕು ಸಲ ಮೇಲಕ್ಕೆ ಸರಿಸಿ ನೋಡಿದವರಿಗೆ ನೀವು ಯಾವ ಲಾಟಿಗೆ ಎಷ್ಟರವರೆಗೆ ಕೂಗಿದಿರಿ, ಈ ತಿಂಗಳು ಎಷ್ಟು ಬೆಳ್ಳಿ ರೂಪಾಯಿ ಕೊಂಡಿರಿ ಎನ್ನುವುದೂ ಸಿಗುತ್ತದೆ. ವಾಟ್ಸಾಪ್ ಗುಂಪಿಗೆ 1024 ಜನರವರೆಗೆ ಸೇರಬಹುದು. ಅವರಲ್ಲಿ ಎಷ್ಟು ಜನ ನಿಜವಾಗಿ ನಾಣ್ಯಕ್ಕಾಗಿ ಬಂದವರು ಎಂದು ಅಡ್ಮಿನ್‌ಗೂ ಗೊತ್ತಿರುವುದಿಲ್ಲ.

ಇನ್ನೊಂದು ಮೋಸ ಇದಕ್ಕಿಂತ ಹೆಚ್ಚು ನಡೆಯುತ್ತದೆ. ಗುಂಪಿನಲ್ಲಿ ಸುಮ್ಮನೆ ಕುಳಿತವನೊಬ್ಬ ಗೆದ್ದವರ ಪಟ್ಟಿ ನೋಡಿ, ಮಾರುವವರ ಫೋಟೊವನ್ನೇ ತನ್ನ ಡಿಪಿಗೆ ಹಾಕಿಕೊಂಡು, ಖಾಸಗಿಯಾಗಿ ಮೆಸೇಜ್ ಮಾಡುತ್ತಾನೆ: "ಸರ್, ಲಾಟ್ 14 ನಿಮ್ಮದೇ, ಈ ನಂಬರಿಗೆ ಪೇ ಮಾಡಿ ವಿಳಾಸ ಕಳಿಸಿ." ಲಾಟ್ ನಂಬರ್, ಮೊತ್ತ ಎಲ್ಲ ಸರಿಯಾಗಿರುವುದರಿಂದ ಅನುಮಾನವೇ ಬರುವುದಿಲ್ಲ. ಆದ್ದರಿಂದ ನಿಮಗೆ ಬಂದ ಮೆಸೇಜಿಗೆ ಉತ್ತರ ಬರೆಯುವ ಬದಲು, ಗುಂಪಿನಲ್ಲಿ ಲಾಟ್ ಹಾಕಿದವರ ಹೆಸರನ್ನು ಒತ್ತಿ, ಅಲ್ಲಿಂದಲೇ ಅವರ ಚಾಟ್ ತೆರೆಯಿರಿ. ಯುಪಿಐ ಪಿನ್ ಒತ್ತುವ ಮುಂಚೆ ತೆರೆಯ ಮೇಲೆ ಬರುವ ಖಾತೆದಾರರ ಹೆಸರನ್ನು ಓದಿ. ಅದು ಬೇರೆಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ ಕೇಳಿ.

ವಿಳಾಸವನ್ನು ದುಡ್ಡು ಕಟ್ಟಿದ ಮೇಲೆ, ಖಾಸಗಿ ಚಾಟ್‌ನಲ್ಲಿ, ಒಂದೇ ಮೆಸೇಜಿನಲ್ಲಿ ಕೊಡಿ: ಹೆಸರು, ಮನೆ ನಂಬರ್, ಅಡ್ಡರಸ್ತೆ, ಬಡಾವಣೆ, ಊರು, ಪಿನ್‌ಕೋಡ್, ಮೊಬೈಲ್. ಅಲ್ಲಿಗೆ ಸಾಕು. "ಸಂಜೆ ಆರರ ಮೇಲೆ ಮಾತ್ರ ಇರ್ತೀವಿ", "ಬೀಗ ಹಾಕಿದ್ದರೆ ಪಕ್ಕದ ಮನೆಯಲ್ಲಿ ಕೊಡಿ" ಎಂಬ ಮಾತುಗಳು ಮಾರುವವರಿಗೆ ಬೇಕಿಲ್ಲ. ಅವನ್ನು ಪೋಸ್ಟ್‌ಮ್ಯಾನ್‌ಗೆ ನೇರವಾಗಿ ಹೇಳಿ. ಸ್ಕ್ರೀನ್‌ಶಾಟ್ ಬದಲು ಮೊತ್ತ, ತಾರೀಖು ಮತ್ತು 12 ಅಂಕಿಯ ಯುಟಿಆರ್ (ಆ ಪಾವತಿಯ ಗುರುತು) ಸಂಖ್ಯೆಯನ್ನು ಟೈಪ್ ಮಾಡಿ ಕಳಿಸಿದರೆ ನಿಮ್ಮ ಬ್ಯಾಂಕಿನ ಹೆಸರು, ಯುಪಿಐ ಐಡಿ ಹೊರಗೆ ಹೋಗುವುದಿಲ್ಲ.

ಪಿನ್‌ಕೋಡನ್ನು ಎರಡು ಸಲ ನೋಡಿ. ಮೊದಲ ಮೂರು ಅಂಕಿ ಹೋಗುವ ದಿಕ್ಕನ್ನು, ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿಯನ್ನು ಹೇಳುತ್ತವೆ. ನಿಮ್ಮ 577ರ ಅಡಿಯಲ್ಲೇ ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗವೂ ಬರುತ್ತವೆ. 577201 ಬರೆಯುವಲ್ಲಿ 577101 ಎಂದು ಬರೆದರೆ ಲಕೋಟೆ ಶಿವಮೊಗ್ಗ ಬಿಟ್ಟು ಚಿಕ್ಕಮಗಳೂರು ನೋಡಿಕೊಂಡು ಬರುತ್ತದೆ. ನಡುವೆ ಎಷ್ಟು ಕೈ ಬದಲಾಯಿಸುತ್ತದೋ ಕಳೆದುಹೋಗುವ ಅವಕಾಶವೂ ಅಷ್ಟು ಹೆಚ್ಚು.

ಕಳಿಸುವವರಿಗೆ ಇನ್ನೊಂದು ಮಾತು ಹೇಳಿ: ಲಕೋಟೆಯ ಮೇಲೆ "ನಾಣ್ಯ" ಎಂದಾಗಲಿ, ಅಂಗಡಿಯ ದೊಡ್ಡ ಮೊಹರಾಗಲಿ ಬೇಡ, ಕಳಿಸಿದವರ ಹೆಸರು, ವಿಳಾಸ ಇದ್ದರೆ ಸಾಕು. ನಾಣ್ಯವನ್ನು ಎರಡು ರಟ್ಟುಗಳ ನಡುವೆ ಟೇಪ್ ಹಾಕಿ ಕೂರಿಸಲು ಹೇಳಿ. ಒಳಗೆ ಗಲಗಲ ಎಂದರೆ ಹೊರಗೆ ಬರೆಯುವ ಅಗತ್ಯವೇ ಇಲ್ಲವಲ್ಲ.

ಈವರೆಗೆ ಗುಂಪಿನಲ್ಲಿ ಹಾಕಿದ್ದರಲ್ಲಿ ಸುಮಾರು ಎರಡೂವರೆ ದಿನದೊಳಗಿನದನ್ನು ನೀವೇ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಹಳೆಯದಕ್ಕೆ ಅಡ್ಮಿನ್‌ರನ್ನು ಕೇಳಿ ನೋಡಿ. ಯಾರಾದರೂ ಆಗಲೇ ಉಳಿಸಿಕೊಂಡಿದ್ದರೆ ಮಾಡುವಂಥದ್ದೇನಿಲ್ಲ.

ಪ್ರಶ್ನೆ: ವಿದೇಶಿ ಹರಾಜು ತಾಣ ಇಬೇಯಲ್ಲಿ ಬ್ರಿಟನ್ನಿನವರೊಬ್ಬರಿಂದ ಮೈಸೂರು ಸಂಸ್ಥಾನದ ತಾಮ್ರದ ಕಾಸು ಗೆದ್ದೆ, ದುಡ್ಡೂ ಕಟ್ಟಿದೆ. ಈಗ ಕಸ್ಟಮ್ಸ್ ಫಾರಂಗೆ ಬೇಕೆಂದು ವಿಳಾಸವನ್ನೂ ಆಧಾರ್ ಪ್ರತಿಯನ್ನೂ ವಾಟ್ಸಾಪ್ ಮಾಡಲು ಕೇಳುತ್ತಿದ್ದಾರೆ. ಕಳಿಸಲೇ?
— ಓದುಗರು, ಮೈಸೂರು

ಉತ್ತರ: ಕಳಿಸಬೇಡಿ. ದುಡ್ಡು ಕಟ್ಟಿದ ಕೂಡಲೇ ನಿಮ್ಮ ವಿಳಾಸ ಆರ್ಡರಿನ ಜೊತೆ ಮಾರುವವರ ಕೈಸೇರಿರುತ್ತದೆ. ಅವರು ಅಂಟಿಸುವ ಸಿಎನ್ 22 ಅಥವಾ ಸಿಎನ್ 23 ಫಾರಂನಲ್ಲಿ ಕೇಳುವುದು ಒಳಗೇನಿದೆ, ತೂಕ ಎಷ್ಟು, ಬೆಲೆ ಎಷ್ಟು ಎಂದು. ಅಲ್ಲಿ ಆಧಾರ್‌ಗೆ ಜಾಗವೇ ಇಲ್ಲ. ವಸ್ತು ಖಾಸಗಿ ಕೊರಿಯರ್‌ನಲ್ಲಿ ಬಂದರೆ ಭಾರತದ ಕಸ್ಟಮ್ಸ್‌ಗಾಗಿ ಗುರುತಿನ ದಾಖಲೆ ಬೇಕಾಗುವುದು ನಿಜ. ಆದರೆ ಅದನ್ನು ಕೇಳುವುದು ಕೊರಿಯರ್ ಕಂಪನಿ. ಅದರ ತಾಣವನ್ನು ನೀವೇ ತೆರೆದು, ವೇಬಿಲ್ (ಪಾರ್ಸೆಲ್‌ನ ಟ್ರ್ಯಾಕಿಂಗ್) ಸಂಖ್ಯೆ ಹಾಕಿ, ಅಲ್ಲಿ ಅಪ್‌ಲೋಡ್ ಮಾಡಿ. ಆಧಾರ್ ಕೊಡುವುದಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ನಡೆಯುತ್ತದೆಯೇ ಎಂದು ಮೊದಲು ನೋಡಿ.

ಮಾತುಕತೆಯನ್ನು ಇಬೇಯ ಮೆಸೇಜುಗಳಲ್ಲೇ ಇಟ್ಟುಕೊಳ್ಳಿ. "ಆರ್ಡರ್ ರದ್ದು ಮಾಡಿ, ನೇರವಾಗಿ ಕಳಿಸುತ್ತೇನೆ" ಎಂದರೆ ಒಪ್ಪಬೇಡಿ, ಹೊರಗೆ ಕೊಟ್ಟ ದುಡ್ಡಿಗೆ ಇಬೇಯ ಮನಿ ಬ್ಯಾಕ್ ರಕ್ಷಣೆ ಇಲ್ಲ. ವಿಳಾಸ ಬದಲಿಸುವುದಿದ್ದರೂ ಅಷ್ಟೇ: ದುಡ್ಡು ಕಟ್ಟುವ ಮುಂಚೆ ಚೆಕ್‌ಔಟ್‌ನಲ್ಲಿ ಬದಲಿಸಿ. ಆಮೇಲೆ ಮೆಸೇಜಿನಲ್ಲಿ ಬೇರೆ ವಿಳಾಸ ಕೊಟ್ಟರೆ, ಆರ್ಡರಿನಲ್ಲಿರುವುದೊಂದು, ಲಕೋಟೆಯ ಮೇಲಿರುವುದೊಂದು ಆಗಿ, ನಾಳೆ ಜಗಳ ಬಂದಾಗ ನಿಮ್ಮ ಮಾತಿಗೆ ಬಲವಿರುವುದಿಲ್ಲ.

ನಮ್ಮ ವಿಳಾಸಗಳ ಉದ್ದ ವಿದೇಶದ ಲೇಬಲ್‌ಗಳಿಗೆ ಒಗ್ಗುವುದಿಲ್ಲ. ಹಲವು ಕೊರಿಯರ್‌ಗಳ ಲೇಬಲ್‌ನಲ್ಲಿ ಒಂದು ಸಾಲಿಗೆ 35 ಅಕ್ಷರ ಮಾತ್ರ, ಉಳಿದದ್ದು ಕತ್ತರಿಸಿಹೋಗುತ್ತದೆ. "ಗಣಪತಿ ದೇವಸ್ಥಾನದ ಎದುರು, ಹಳೇ ಬಸ್ ನಿಲ್ದಾಣದ ಹಿಂಭಾಗ" ಎಂದು ಮೊದಲ ಸಾಲು ತುಂಬಿಸಿದರೆ ಮನೆ ನಂಬರೇ ಮಾಯ. ಮನೆ ನಂಬರ್, ರಸ್ತೆ ಮೊದಲ ಸಾಲಿಗೆ ಬರಲಿ, ಗುರುತು ಎರಡನೆಯದಕ್ಕೆ. ಹೆಸರು ನಿಮ್ಮ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ದಾಖಲೆ ಹೋಲಿಸುವಾಗ ತಕರಾರು ಬರುತ್ತದೆ. ಫೋನ್ ನಂಬರಿಗೆ +91 ಸೇರಿಸಿ.

ಪ್ರಶ್ನೆ: ವಿಳಾಸದ ಬದಲು ಡಿಜಿಪಿನ್ ಅಥವಾ ಗೂಗಲ್ ಲೊಕೇಶನ್ ಕೊಟ್ಟರೆ ಸುರಕ್ಷಿತವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್‌ನಲ್ಲಿ ನಿಮ್ಮ ಹೆಸರಿಲ್ಲ, ನಿಜ. ಆದರೆ ಅದರ 10 ಅಕ್ಷರಗಳು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕವೊಂದನ್ನು ತೋರಿಸುತ್ತವೆ. ಅಂದರೆ ನಿಮ್ಮ ಮನೆಯ ನಡುಮನೆಯಷ್ಟು ಜಾಗ, ಯಾರು ಬೇಕಾದರೂ ನಕ್ಷೆಯಲ್ಲಿ ತೆಗೆದು ನೋಡಬಹುದು. ಮಾರುವವರಿಗೆ ಬೇಕಾದದ್ದು ಲಕೋಟೆಯ ಮೇಲೆ ಬರೆಯುವ ವಿಳಾಸ, ದಾರಿಯಲ್ಲ. ಡೆಲಿವರಿ ಹುಡುಗ ದಾರಿ ತಪ್ಪಿ ಫೋನ್ ಮಾಡಿದಾಗ ಲೊಕೇಶನ್ ಕಳಿಸಿದರಾಯಿತು. ಆಗಲೂ 'ಲೈವ್' ಅಲ್ಲದ್ದನ್ನು ಒತ್ತಿ, ಲೈವ್ ಕೊಟ್ಟರೆ ನೀವು ಪೇಟೆಗೆ ಹೊರಟದ್ದೂ ಕಾಣುತ್ತಿರುತ್ತದೆ.

ಪ್ರಶ್ನೆ: ಹರಾಜಿನಲ್ಲಿ ಕೊಂಡ ಪುಸ್ತಕ ಬರಬೇಕಿತ್ತು. "ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಅಪೂರ್ಣ, 12 ಗಂಟೆಯೊಳಗೆ ಸರಿಪಡಿಸಿ" ಎಂದು ಲಿಂಕ್ ಸಹಿತ ಎಸ್ಸೆಮ್ಮೆಸ್ ಬಂತು. ನಿಜವೇ?
— ಓದುಗರು, ಕುಂದಾಪುರ

ಉತ್ತರ: ಅಂಚೆ ಇಲಾಖೆಯ ಹೆಸರಿನಲ್ಲಿ ಓಡಾಡುತ್ತಿರುವ ಸುಳ್ಳು ಮೆಸೇಜ್ ಅದು. ಸಾವಿರಾರು ಜನರಿಗೆ ಒಟ್ಟಿಗೆ ಹೋಗುತ್ತದೆ. ಅವರಲ್ಲಿ ಕೆಲವರು ಹೇಗೂ ಪಾರ್ಸೆಲ್‌ಗೆ ಕಾಯುತ್ತಿರುತ್ತಾರೆ, ಅದೇ ಅದರ ಬಂಡವಾಳ. ಲಿಂಕ್ ಒತ್ತಿದರೆ ವಿಳಾಸ ಕೇಳಿ, ಕೊನೆಗೆ ಮರುಬಟವಾಡೆಗೆಂದು ಪುಡಿಗಾಸು ಕೇಳಿ ಕಾರ್ಡಿನ ವಿವರ ಎತ್ತಿಕೊಳ್ಳುತ್ತಾರೆ. ನಿಮ್ಮ ಬಳಿ 13 ಅಕ್ಷರದ ಟ್ರ್ಯಾಕಿಂಗ್ ಸಂಖ್ಯೆ ಇರಬೇಕು: ಮೊದಲು ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಅದನ್ನು ಅಂಚೆ ಇಲಾಖೆಯ ತಾಣದಲ್ಲಿ ನೀವೇ ಹಾಕಿ ನೋಡಿ.

ಕೊರಿಯರ್‌ನವನೆಂದು ಫೋನ್ ಮಾಡಿ, ನಕ್ಷತ್ರದ ಗುರುತಿನಿಂದ ಶುರುವಾಗುವ ಸಂಖ್ಯೆಯೊಂದನ್ನು ಒತ್ತಲು ಹೇಳಿದರೆ ಒತ್ತಬೇಡಿ. ನಿಮ್ಮ ಕರೆಗಳು ಅವನ ಫೋನಿಗೆ ತಿರುಗುತ್ತವೆ, ಕರೆಯ ಮೂಲಕ ಬರುವ ಬ್ಯಾಂಕಿನ ಓಟಿಪಿ ಕೂಡ. ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅಪರಿಚಿತ ಮಾರಾಟಗಾರರಿಗೆ ಮನೆಯ ವಿಳಾಸ ಕೊಡಲು ಮನಸ್ಸಿಲ್ಲ. ಬೇರೆ ದಾರಿ ಇದೆಯೇ?
— ಓದುಗರು, ಬೆಂಗಳೂರು

ಉತ್ತರ: ಕೆಲಸದ ಜಾಗದ ವಿಳಾಸ ಎಲ್ಲಕ್ಕಿಂತ ಸುಲಭ. ಸಂಸ್ಥೆಯ ಹೆಸರಿನ ಮೇಲೆ ನಿಮ್ಮ ಹೆಸರು, ವಿಭಾಗ ಬರೆಸಿ, ಸ್ವಾಗತದಲ್ಲಿ ಮೊದಲೇ ಹೇಳಿಡಿ. ಪರಿಚಯದ ಅಂಗಡಿಯವರು ಒಪ್ಪಿದರೆ ಅವರ "ಕೇರ್ ಆಫ್" ಆಗುತ್ತದೆ. ಆಗಾಗ ಕೊಳ್ಳುವವರಾದರೆ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ, ಅಲ್ಲಿ ಮನೆಯ ವಿಳಾಸದ ಬದಲು ಬಾಕ್ಸ್ ಸಂಖ್ಯೆ ಬರುತ್ತದೆ. ಖಾಸಗಿ ಕೊರಿಯರ್‌ನವರು ಅದಕ್ಕೆ ತಲುಪಿಸುವುದಿಲ್ಲವಾದ್ದರಿಂದ ಅಂಚೆಯಲ್ಲೇ ಕಳಿಸಲು ಹೇಳಬೇಕು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ. ನಿಮ್ಮ ಕೈಗೇ ಬರಬೇಕಾದರೆ ಸ್ಪೀಡ್ ಪೋಸ್ಟ್ ಮಾಡುವಾಗ 'ರಿಜಿಸ್ಟ್ರೇಷನ್' ಸೇರಿಸಲು ತಿಳಿಸಿ.

ಹೆಸರಿಗೆ ಇನಿಷಿಯಲ್ ಮತ್ತು ಮನೆತನದ ಹೆಸರಷ್ಟೇ ಸಾಕು ಎನ್ನುವವರಿದ್ದಾರೆ. ಸಾದಾ ಲಕೋಟೆಗೆ ನಡೆಯುತ್ತದೆ, ಗುರುತಿನ ಚೀಟಿ ಕೇಳುವ ಕಡೆ ನಡೆಯುವುದಿಲ್ಲ. ಪಾರ್ಸೆಲ್ ಬಂದ ಮೇಲೆ ಡಬ್ಬಿಯನ್ನು ಕಸಕ್ಕೆ ಹಾಕುವ ಮುಂಚೆ ಲೇಬಲ್ ಕಿತ್ತು ಹರಿಯಿರಿ. ವಿಳಾಸದ ಬಗ್ಗೆ ಇಷ್ಟೆಲ್ಲ ಎಚ್ಚರ ವಹಿಸಿ, ಹೆಸರು, ಫೋನ್ ನಂಬರ್ ಸಮೇತ ಗೇಟಿನ ಮುಂದೆ ಇಡುವವರೇ ಹೆಚ್ಚು.

ಪ್ರಶ್ನೆ: ಟ್ರ್ಯಾಕಿಂಗ್‌ನಲ್ಲಿ "ಡೆಲಿವರ್ಡ್" ಎಂದಿದೆ. ಮನೆಗೆ ಏನೂ ಬಂದಿಲ್ಲ. ವಿಳಾಸ ಸರಿಯಾಗಿಯೇ ಕೊಟ್ಟಿದ್ದೆ.
— ಓದುಗರು, ಕಲಬುರಗಿ

ಉತ್ತರ: ನಿಮ್ಮದೇ ಊರಿನ ಬೇರೆ ಯಾವುದೋ ವಿಳಾಸಕ್ಕೆ ಖಾಲಿ ಲಕೋಟೆ ಕಳಿಸಿ, ಅದರ ಸಂಖ್ಯೆಯನ್ನು ನಿಮಗೆ ಕೊಡುವ ಮೋಸವಿದೆ. ತೆರೆಯ ಮೇಲೆ ಊರು ಸರಿಯಾಗಿರುತ್ತದೆ, ಮನೆ ಕಾಣುವುದಿಲ್ಲ. ಮಾರಿದವರಿಂದ ಬುಕಿಂಗ್ ರಸೀದಿಯ ಫೋಟೊ ಕೇಳಿ. ಅದರಲ್ಲಿ ಯಾರ ಹೆಸರಿದೆ, ಯಾವ ಪಿನ್‌ಕೋಡ್, ಎಷ್ಟು ಗ್ರಾಂ ಎಂದು ನೋಡಿ. ರಟ್ಟಿನ ನಡುವೆ ಕಟ್ಟಿದ ಬೆಳ್ಳಿ ರೂಪಾಯಿಯ ಲಕೋಟೆ 10 ಗ್ರಾಂ ತೂಗಲು ಸಾಧ್ಯವಿಲ್ಲ, ನಾಣ್ಯವೊಂದೇ 11 ಗ್ರಾಂ ಮೀರುತ್ತದೆ. ರಸೀದಿ ಕೊಡಲು ಮೀನಮೇಷ ಎಣಿಸಿದರೆ ಅದೇ ಒಂದು ಸೂಚನೆ.

ರಸೀದಿ ಸರಿಯಿದ್ದರೆ ಟ್ರ್ಯಾಕಿಂಗ್‌ನ ಕೊನೆಯ ಸಾಲಿನಲ್ಲಿರುವ ಅಂಚೆ ಕಚೇರಿಗೆ ಹೋಗಿ, ಸಹಿ ಮಾಡಿ ಪಡೆದವರು ಯಾರು ಎಂದು ಕೇಳಿ. ಎಷ್ಟೋ ಸಲ ಎದುರು ಮನೆಯವರೋ ವಾಚ್‌ಮನ್ನೋ ತೆಗೆದಿಟ್ಟಿರುತ್ತಾರೆ. ಅಲ್ಲಿ ಉತ್ತರ ಸಿಗದಿದ್ದರೆ ಅಂಚೆ ಇಲಾಖೆಯ 1800 266 6868ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊಂಡದ್ದು ಇಬೇಯಲ್ಲಾದರೆ ತಲುಪುವ ಅಂದಾಜು ದಿನಾಂಕದಿಂದ 30 ದಿನದೊಳಗೆ ಅಲ್ಲಿ "ವಸ್ತು ಬಂದಿಲ್ಲ" ಎಂದು ದೂರು ತೆರೆಯಬೇಕು. ಮಾರಿದವರು "ಇನ್ನೊಂದು ವಾರ ಕಾಯಿರಿ" ಎಂದು ದಿನ ತಳ್ಳುವುದು ಆ 30 ದಿನ ಕಳೆಯಲಿ ಎಂದೇ.