ವರ್ಗಾವಣೆ ಪತ್ರದ ಬದಲು: ಸೊಲ್ಯೂಷನ್ ಮೂಸುತ್ತಿದ್ದ ಬಾಲಕನೊಬ್ಬನ ಪ್ರಕರಣ

ಮಧ್ಯ ಕರ್ನಾಟಕದ ಹೋಬಳಿ ಕೇಂದ್ರವೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಿಂದ ಈ ಪ್ರಕರಣ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬಂದಿತು. ಬಾಲಕನ ಹೆಸರನ್ನೂ ಗುರುತು ಹತ್ತಬಹುದಾದ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ತಂದೆತಾಯಿಯ ಒಪ್ಪಿಗೆ ಪಡೆದು, ಬಾಲಕನಿಗೂ ತಿಳಿಸಿ ಬರೆಯುತ್ತಿದ್ದೇನೆ. ಅವನನ್ನು ಇಲ್ಲಿ ಮಹೇಶ ಎಂದು ಕರೆಯುತ್ತೇನೆ. ವಯಸ್ಸು 13, ಓದುತ್ತಿದ್ದುದು 8ನೇ ತರಗತಿ.

ಮೊದಲು ಗಮನಿಸಿದವರು ಅವನ ತರಗತಿಯ ಶಿಕ್ಷಕಿ. ಬಿಸಿಯೂಟಕ್ಕೆ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ ಹುಡುಗ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ್ದ; ಮಧ್ಯಾಹ್ನದ ಪಾಠಗಳಲ್ಲಿ ತೂಕಡಿಸುತ್ತಿದ್ದ; ಮೂಗು ಬಾಯಿಗಳ ಸುತ್ತ ಒಣಗಿದ ಹುಣ್ಣುಗಳು ಕಾಣಿಸಿದ್ದವು; ಅಂಗಿಯಿಂದ ಪೇಂಟಿನಂಥ ವಾಸನೆ ಬರುತ್ತಿತ್ತು. ಒಂದು ದಿನ ಅವನ ಚೀಲದಲ್ಲಿ ಗಟ್ಟಿಕಟ್ಟಿದ ಕರವಸ್ತ್ರವೂ ಪಂಚರ್ ಸೊಲ್ಯೂಷನ್ನಿನ, ಅಂದರೆ ಟೈರಿನ ಟ್ಯೂಬಿಗೆ ತೇಪೆ ಹಚ್ಚುವ ಅಂಟಿನ, ಖಾಲಿ ಟ್ಯೂಬುಗಳೂ ಸಿಕ್ಕವು. ವಿಚಾರಿಸಿದಾಗ ಅದೇ ತರಗತಿಯ ಇನ್ನಿಬ್ಬರ ಹೆಸರುಗಳೂ ಹೊರಬಂದವು. ನಾನು ಶಾಲೆಗೆ ಹೋಗುವ ಹೊತ್ತಿಗೆ ಮಹೇಶನೇ ಉಳಿದವರನ್ನು ಕೆಡಿಸಿದವನೆಂಬ ತೀರ್ಮಾನವಾಗಿ, ಅವನ ಟಿಸಿ ಬರೆದಿಡಲಾಗಿತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರು ಪೊಲೀಸರಿಗೆ ಹೇಳಿ ಹುಡುಗನಿಗೆ ಒಮ್ಮೆ ಹೆದರಿಸಿಬಿಡೋಣ ಎನ್ನುತ್ತಿದ್ದರು. ಅವರಾರೂ ಕೆಟ್ಟ ಉದ್ದೇಶದಿಂದ ಮಾತಾಡುತ್ತಿರಲಿಲ್ಲ. ಮುನ್ನೂರು ಮಕ್ಕಳ ಹೊಣೆ ಹೊತ್ತ ಮುಖ್ಯೋಪಾಧ್ಯಾಯರಿಗೆ ಉಳಿದ ಮಕ್ಕಳ ಚಿಂತೆ ಇರುವುದು ಸಹಜ.

ಆದರೂ ಮೊದಲ ಸಭೆಯಲ್ಲಿ ನಾನು ಕೇಳಿಕೊಂಡದ್ದು ಆ ಟಿಸಿಯನ್ನು ತಡೆಹಿಡಿಯಿರಿ ಎಂದೇ. ಶಿಕ್ಷಣ ಹಕ್ಕು ಕಾಯ್ದೆ, 2009ರ 16ನೇ ಕಲಮಿನ ಪ್ರಕಾರ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ 8ನೇ ತರಗತಿಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಕಾನೂನಿಗಿಂತ ಮುಖ್ಯವಾದ ಸಂಗತಿ ಬೇರೆ ಇತ್ತು. ಶಾಲೆ ಬಿಟ್ಟ ಮೇಲೆ ಮಹೇಶ ಹೋಗಿ ಕೂರುತ್ತಿದ್ದುದು ಹೆದ್ದಾರಿ ಪಕ್ಕದ ಪಂಚರ್ ಅಂಗಡಿಯಲ್ಲಿ. ಅಲ್ಲಿ ಗಾಳಿ ತುಂಬಿ, ಟ್ಯೂಬು ಉಜ್ಜಿ ಕೊಟ್ಟರೆ ಹತ್ತಿಪ್ಪತ್ತು ರೂಪಾಯಿ ಸಿಗುತ್ತಿತ್ತು. ಮೂಸುವುದನ್ನು ಕಲಿಸಿದವರೂ ಅಲ್ಲಿಯ ದೊಡ್ಡ ಹುಡುಗರೇ. ದಿನಕ್ಕೆ ಎರಡು ಮೂರು ಗಂಟೆ ಆ ಅಂಗಡಿಯಲ್ಲಿರುವ ಮಗುವಿಗೆ ಟಿಸಿ ಕೊಟ್ಟರೆ ಅವನು ಇಡೀ ದಿನ ಅಲ್ಲಿರುತ್ತಾನೆ. ಈ ಮಾತನ್ನು ಮುಖ್ಯೋಪಾಧ್ಯಾಯರು ಒಪ್ಪಿದರು. ಮಹೇಶನ ಆರೈಕೆ ನಿಜವಾಗಿ ಆರಂಭವಾದದ್ದು ಅಂದಿನಿಂದ ಎಂದು ನಾನು ನಂಬಿದ್ದೇನೆ.

ಮನೆಯ ಪರಿಸ್ಥಿತಿ ಹೀಗಿತ್ತು. ತಂದೆ ಲಾರಿ ಚಾಲಕ, ವಾರಗಟ್ಟಲೆ ಊರಲ್ಲಿರುವುದಿಲ್ಲ. ತಾಯಿ ಬೆಳಗಿನ ಜಾವವೇ ಗಾರ್ಮೆಂಟ್ಸ್ ವ್ಯಾನು ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿ, 3ನೇ ತರಗತಿಯ ತಂಗಿ. ಸಂಜೆ ನಾಲ್ಕೂವರೆಯಿಂದ ಏಳೂವರೆಯವರೆಗೆ ಹುಡುಗ ಎಲ್ಲಿದ್ದಾನೆಂದು ಬಲ್ಲ ಹಿರಿಯರೇ ಇರಲಿಲ್ಲ.

ಸೊಲ್ಯೂಷನ್, ಥಿನ್ನರ್, ವೈಟ್ನರ್ ಇವುಗಳ ಬಗ್ಗೆ ಶಿಕ್ಷಕರಲ್ಲಿ ಒಂದು ಉದಾಸೀನವಿದೆ: ಗಾಂಜಾ ಅಲ್ಲವಲ್ಲ, ಬಿಡಿಸಿದರೆ ಬಿಡುತ್ತಾನೆ ಎಂಬ ಭಾವನೆ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಬಳಕೆಯಿದ್ದ ಮಾದಕ ವಸ್ತುವೆಂದರೆ ಮೂಸುವ ದ್ರಾವಕಗಳು ಮಾತ್ರ: 10ರಿಂದ 17 ವರ್ಷದವರಲ್ಲಿ ಶೇ. 1.17, ವಯಸ್ಕರಲ್ಲಿ ಶೇ. 0.58. ಇವುಗಳಲ್ಲಿರುವ ಟಾಲುಯೀನ್‌ನಂಥ ರಾಸಾಯನಿಕಗಳು ಶ್ವಾಸಕೋಶದಿಂದ ಕ್ಷಣಾರ್ಧದಲ್ಲಿ ಮೆದುಳು ಸೇರುತ್ತವೆ. ದೀರ್ಘಕಾಲ ಬಳಸಿದರೆ ಮೆದುಳು, ನರ, ಮೂತ್ರಪಿಂಡಗಳಿಗೆ ಹಾನಿಯಾಗುತ್ತದೆ. ಇದಕ್ಕಿಂತ ತುರ್ತಾಗಿ ಪ್ರತಿಯೊಬ್ಬ ಶಿಕ್ಷಕರೂ ತಿಳಿದಿರಬೇಕಾದದ್ದು ಇನ್ನೊಂದಿದೆ. ಈ ದ್ರಾವಕಗಳು ಹೃದಯವನ್ನು ಉದ್ರೇಕಕ್ಕೆ ಅತಿ ಸೂಕ್ಷ್ಮವಾಗಿಸುತ್ತವೆ. ಆಗತಾನೇ ಮೂಸಿರುವ ಮಗುವನ್ನು ಗದರಿ, ಬೆದರಿಸಿ, ಅಟ್ಟಿಸಿಕೊಂಡು ಓಡಿದರೆ ಹೃದಯದ ಬಡಿತ ತಪ್ಪಿ ಮಗು ಅಲ್ಲೇ ಕುಸಿದು ಸಾಯಬಹುದು. ಮೊದಲ ಸಲ ಮೂಸಿದ ಮಗುವಿಗೂ ಹೀಗಾಗಬಹುದು. ಆದ್ದರಿಂದ ಶಾಲೆಗೆ ನಾನು ಬರೆದುಕೊಟ್ಟ ಸೂಚನೆಯಲ್ಲಿ ಮೊದಲನೆಯದೇ ಇದು: ಮಂಪರಿನಲ್ಲಿರುವ ಮಗುವನ್ನು ಗಾಳಿಯಾಡುವ ಕಡೆ ಕೂರಿಸಿ, ಅವನಿಗೆ ಪರಿಚಯವಿರುವ ಒಬ್ಬರೇ ಮೆಲ್ಲನೆ ಮಾತಾಡಿಸಿ, ಗುಂಪು ಸೇರಲು ಬಿಡಬೇಡಿ, ಪ್ರಜ್ಞೆ ಮಸುಕಾದರೆ ಎಡ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ, ವಿಚಾರಣೆ ಮರುದಿನಕ್ಕಿರಲಿ.

ಮಹೇಶನೊಂದಿಗಿನ ಮೊದಲ ಭೇಟಿಯಲ್ಲಿ ಸೊಲ್ಯೂಷನ್ನಿನ ಮಾತೇ ಬರಲಿಲ್ಲ. ಅವನಿಗೆ ಲಾರಿಗಳ ಬಗ್ಗೆ ಅಪಾರ ತಿಳಿವಳಿಕೆ. ಯಾವ ಟೈರಿಗೆ ಎಷ್ಟು ಗಾಳಿ, ಮಳೆಗಾಲದಲ್ಲಿ ಪಂಚರ್ ಯಾಕೆ ಹೆಚ್ಚು ಎಂಬುದನ್ನೆಲ್ಲ ಹೇಳುತ್ತ ಹೋದ, ನಾನು ಕೇಳುತ್ತ ಹೋದೆ. ಮುಂದೊಂದು ಭೇಟಿಯಲ್ಲಿ, “ಅದನ್ನ ಎಳೆದಾಗ ನಿನಗೆ ಏನು ಒಳ್ಳೇದು ಅನ್ಸುತ್ತೆ?” ಎಂದು ಕೇಳಿದೆ. ಯಾರೂ ಕೇಳದ ಪ್ರಶ್ನೆಯೆಂದೋ ಏನೋ, ಸ್ವಲ್ಪ ಹೊತ್ತು ನೋಡಿ ಹೇಳಿದ: “ಹಸಿವು ಗೊತ್ತಾಗಲ್ಲ ಮಿಸ್. ಅಪ್ಪ ಬಂದಾಗ ಮನೇಲಿ ಜಗಳ ಆಗುತ್ತಲ್ಲ, ಅದೂ ತಲೇಗೆ ಬರಲ್ಲ.” ಅದರಿಂದ ಆಗುವ ಕೆಟ್ಟದ್ದನ್ನು ಹೇಳಿದವನೂ ಅವನೇ. ಬೆಳಗ್ಗೆ ತಲೆನೋವು, ಕಬಡ್ಡಿಯಲ್ಲಿ ದಮ್ಮು ಸಾಲದಿರುವುದು, ತಂಗಿ “ಅಣ್ಣ, ನಿನ್ನ ಹತ್ರ ವಾಸನೆ” ಎಂದು ದೂರ ಸರಿದದ್ದು. ಇವುಗಳಲ್ಲಿ ಅವನನ್ನು ನೋಯಿಸಿದ್ದು ತಂಗಿಯ ಮಾತು. ಬಿಡುವ ಮನಸ್ಸಿನ ಬೀಜ ಅಲ್ಲಿ ಇದ್ದುದರಿಂದ, ಮುಂದಿನ ನಮ್ಮ ಮಾತುಕತೆಯೆಲ್ಲ ಅದನ್ನೇ ಆಧರಿಸಿತು. ಆಸೆ ಎದ್ದಾಗ ಅದು ಏರಿ ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿಯುತ್ತದೆ ಎಂಬುದನ್ನು ಅವನು ತಾನಾಗಿ ಗಮನಿಸುವಂತೆ, ಆ ಹೊತ್ತನ್ನು ದಾಟಿಸುವ ಉಪಾಯಗಳನ್ನು ಅವನೇ ಯೋಚಿಸುವಂತೆ ಮಾಡಿದೆ. ಹೆದ್ದಾರಿಯ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಮನೆಗೆ ಹೋಗುವುದೆಂದು ನಿರ್ಧರಿಸಿದವನು ಅವನೇ.

ತಾಯಿ ಬಂದವರು ಕಣ್ಣೊರೆಸಿಕೊಳ್ಳುತ್ತಲೇ ಬೇಡಿದ್ದು ಒಂದೇ: “ದೇವರ ಮುಂದೆ ಆಣೆ ಮಾಡಿಸಿಬಿಡಿ ಮೇಡಂ, ಅಷ್ಟು ಸಾಕು.” ಆಣೆ ಬೇಡವೆಂದು ಆಕೆಯನ್ನು ಒಪ್ಪಿಸಲು ಸಮಯ ಹಿಡಿಯಿತು. ವ್ಯಸನದಲ್ಲಿ ಮರುಕಳಿಕೆ ಸಾಮಾನ್ಯ. ಆಣೆ ಮಾಡಿದ ಮಗು ಒಮ್ಮೆ ಜಾರಿದರೆ ದೇವರಿಗೂ ತಾಯಿಗೂ ದ್ರೋಹ ಬಗೆದೆನೆಂದು ಕುಗ್ಗುತ್ತದೆ, ಆಮೇಲೆ ಮುಚ್ಚಿಡುವುದನ್ನು ಕಲಿಯುತ್ತದೆ. ಅವನು ಬಂದು “ಇವತ್ತು ಎಳೆದೆ ಅಮ್ಮಾ” ಎಂದು ಹೇಳುವಷ್ಟು ಧೈರ್ಯ ಮನೆಯಲ್ಲಿ ಉಳಿದಿದ್ದರೆ ಅದು ಯಾವ ಆಣೆಗಿಂತಲೂ ಹೆಚ್ಚು ಕಾಪಾಡುತ್ತದೆ ಎಂದು ಹೇಳಿದೆ. ಹೊಡೆಯಬಾರದು, ನೆಂಟರ ಮುಂದೆ ಎತ್ತಾಡಬಾರದು, ಸಂಜೆ ಮನೆಗೆ ಬಂದೊಡನೆ ತಿನ್ನಲು ಏನಾದರೂ ಇರಬೇಕು. ಹಸಿವೇ ಅವನ ಮೊದಲ ಕಾರಣವಾಗಿದ್ದರಿಂದ ಈ ಕೊನೆಯದಕ್ಕೆ ಹೆಚ್ಚು ಒತ್ತು ಕೊಟ್ಟೆ. ಅಜ್ಜಿ ರೊಟ್ಟಿ, ಶೇಂಗಾ ಎತ್ತಿಡುವ ಜವಾಬ್ದಾರಿಯನ್ನು ಸಂತೋಷದಿಂದ ವಹಿಸಿಕೊಂಡರು. ತಂದೆ ಎಲ್ಲೇ ಇದ್ದರೂ ರಾತ್ರಿ ಎಂಟಕ್ಕೆ ಫೋನು ಮಾಡಿ ಮಗನೊಂದಿಗೆ ಮಾತಾಡಬೇಕು, ಆ ಮಾತಿನಲ್ಲಿ ಸೊಲ್ಯೂಷನ್ನಿನ ಪ್ರಸ್ತಾಪ ಇರಬಾರದು ಎಂದು ಗೊತ್ತುಮಾಡಿದೆವು.

ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಚಿಕಿತ್ಸಾಲಯದಲ್ಲಿ ಮನೋವೈದ್ಯರು ಅವನನ್ನು ಪರೀಕ್ಷಿಸಿದರು. ದ್ರಾವಕದ ಚಟಕ್ಕೆಂದೇ ಇರುವ ಔಷಧಿ ಇಲ್ಲ. ರಕ್ತಹೀನತೆಗೆ ಮಾತ್ರೆ ಕೊಟ್ಟು, ನಿದ್ರೆ ಮತ್ತು ಆಹಾರದ ಬಗ್ಗೆ ತಿಳಿಸಿ, ನಿಯತವಾಗಿ ಬರಲು ಹೇಳಿದರು. ಹಿರಿಯರ ಮದ್ಯವರ್ಜನ ಶಿಬಿರಕ್ಕೆ ಅವನನ್ನೂ ಕಳಿಸೋಣವೇ ಎಂದು ಊರಿನ ಒಬ್ಬರು ಕೇಳಿದ್ದರು. ಆ ಶಿಬಿರಗಳು ವಯಸ್ಕರಿಗಾಗಿ ರೂಪಿಸಿದವು. ಮಗುವನ್ನು ಅಲ್ಲಿಗೆ ಕಳಿಸುವುದು ಸಲ್ಲದು.

ಇಷ್ಟರಿಂದ ಒಬ್ಬ ಬಾಲಕ ಸುಧಾರಿಸಬಹುದು. ಅಂಗಡಿ ಮಾತ್ರ ಅಲ್ಲೇ ಇರುತ್ತದೆ, ನಾಳೆ ಇನ್ನೊಬ್ಬ ಮಗು ಅಲ್ಲಿಗೆ ಹೋಗುತ್ತದೆ. ಮಾದಕ ವಸ್ತುಗಳ ಕಾಯ್ದೆಯಾದ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಪಂಚರ್ ಸೊಲ್ಯೂಷನ್ ಬರುವುದಿಲ್ಲ. ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಬಾಲನ್ಯಾಯ ಕಾಯ್ದೆ, 2015ರ 77ನೇ ಕಲಮಿನಲ್ಲಿಯೂ ಇದರ ಹೆಸರಿಲ್ಲ. ಪೊಲೀಸರನ್ನು ಕರೆಸುವ ಯೋಚನೆಯನ್ನು ಕೈಬಿಡಲು ಇದೂ ಒಂದು ಕಾರಣವಾಯಿತು. ಆದರೆ 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಅಪರಾಧ. 6 ತಿಂಗಳಿಂದ 2 ವರ್ಷದವರೆಗೆ ಸೆರೆವಾಸ ಅಥವಾ 20,000ದಿಂದ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಮುಖ್ಯೋಪಾಧ್ಯಾಯರು, ಸಮಿತಿಯ ಅಧ್ಯಕ್ಷರು ಒಟ್ಟಾಗಿ ಊರಿನ ಪಂಚರ್ ಅಂಗಡಿ, ಪೇಂಟ್ ಅಂಗಡಿಗಳಿಗೆಲ್ಲ ಹೋಗಿ ಇದನ್ನು ತಿಳಿಸಿದರು. ಮಕ್ಕಳಿಗೆ ಟ್ಯೂಬು ಮಾರಬಾರದು, ಬಳಸಿದ ಟ್ಯೂಬನ್ನು ಬೀದಿಗೆಸೆಯಬಾರದು, ಶಾಲಾ ಸಮವಸ್ತ್ರದಲ್ಲಿರುವ ಮಗುವನ್ನು ಅಂಗಡಿಯಲ್ಲಿ ಕೂರಿಸಿಕೊಳ್ಳಬಾರದು. ಹೆದ್ದಾರಿ ಪಕ್ಕದ ಆ ಅಂಗಡಿಯಾತನಿಗೆ ತನ್ನ ಸಾಮಾನು ಮಕ್ಕಳ ಮೂಗಿಗೆ ಹೋಗುತ್ತಿರುವುದು ಗೊತ್ತಿರಲಿಲ್ಲವೆಂದು ಹೇಳಿದ. ಅದು ನಿಜವೋ ಅಲ್ಲವೋ ಎಂದು ಕೆದಕುವ ಬದಲು, ಪೆಟ್ಟಿಗೆಗೆ ಬೀಗ ಹಾಕಿದನೇ ಎಂಬುದನ್ನು ನೋಡಿದೆವು. ಹಾಕಿದ್ದಾನೆ.

ಶಾಲೆಯ ಕಾರ್ಯಕ್ರಮಗಳ ಬಗ್ಗೆ ಹೆಚ್ಚು ಚರ್ಚೆ ನಡೆಯಿತು. ಜೂನ್ 26ರ ಮಾದಕ ವಸ್ತು ವಿರೋಧಿ ದಿನಕ್ಕೆ ಜಾಥಾ, ಭಾಷಣ, ಭಯಾನಕ ಚಿತ್ರಗಳ ಪ್ರದರ್ಶನ ಎಂದು ಶಿಕ್ಷಕರು ಯೋಚಿಸಿದ್ದರು. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿಯು ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ 2018ರಲ್ಲಿ ಪರಿಷ್ಕರಿಸಿ ಹೊರತಂದ ತಡೆಗಟ್ಟುವಿಕೆಯ ಮಾನದಂಡಗಳು, ಬರೀ ಮಾಹಿತಿ ಕೊಡುವುದರಿಂದ, ವಿಶೇಷವಾಗಿ ಹೆದರಿಸುವುದರಿಂದ, ಪ್ರಯೋಜನ ಕಂಡುಬಂದಿಲ್ಲವೆನ್ನುತ್ತವೆ. ನನ್ನ ಆತಂಕ ಇನ್ನೂ ಸರಳವಾದದ್ದು: ಯಾವ ಯಾವ ವಸ್ತುವನ್ನು ಹೇಗೆ ಮೂಸುತ್ತಾರೆಂದು ವೇದಿಕೆಯಿಂದ ವಿವರಿಸಿದರೆ, ಅಲ್ಲಿಯವರೆಗೆ ಗೊತ್ತಿಲ್ಲದ 5ನೇ ತರಗತಿಯ ಮಗುವಿಗೆ ನಾವೇ ಪಾಠ ಹೇಳಿಕೊಟ್ಟಂತಾಗುತ್ತದೆ. ಬದಲಾಗಿ ವಾರಕ್ಕೊಂದು ಅವಧಿಯನ್ನು ಜೀವನ ಕೌಶಲಗಳಿಗೆ ಮೀಸಲಿಟ್ಟು, ಗೆಳೆಯರು ಒತ್ತಾಯಿಸಿದಾಗ ಸ್ನೇಹ ಕೆಡದಂತೆ ಒಲ್ಲೆ ಎನ್ನುವುದು, ಸಿಟ್ಟು ಬಂದಾಗ ಏನು ಮಾಡುವುದು ಇಂಥವನ್ನು ಮಕ್ಕಳೇ ಅಭಿನಯಿಸಿ ಕಲಿಯುವಂತೆ ಏರ್ಪಡಿಸಲು ಸಲಹೆ ನೀಡಿದೆ.

ಅಧ್ಯಕ್ಷರಿಗೆ ಮಕ್ಕಳಿಂದ ಪ್ರತಿಜ್ಞೆ ಮಾಡಿಸುವ ಆಸೆ ಬಲವಾಗಿತ್ತು. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದ್ದನ್ನು ಅವರು ನೆನೆದರು; ಶ್ರೀಗಳ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆ ಪರಂಪರೆಯ ಬಗ್ಗೆ ನನಗೆ ಆಳವಾದ ಗೌರವವಿದೆ, ಹಾಗಾಗಿಯೇ ಜೋಳಿಗೆಯನ್ನು ಮಕ್ಕಳ ಮುಂದಲ್ಲ, ದೊಡ್ಡವರ ಮುಂದೆ ಹಿಡಿಯೋಣ ಎಂದೆ. ಅಂದು ಪೋಷಕರ ಸಭೆಯಲ್ಲಿ ಕೆಲವರು ಗುಟ್ಕಾ ಚೀಟಿಗಳನ್ನು ಹಾಕಿದರು; ರಜೆಯ ಮೇಲೆ ಬಂದಿದ್ದ ಮಹೇಶನ ತಂದೆಯೂ ಹಾಕಿದರು. ಮಗ ಅದನ್ನು ಕಿಟಕಿಯಿಂದ ನೋಡಿದನಂತೆ.

ಎಲ್ಲಕ್ಕಿಂತ ಫಲ ಕೊಟ್ಟದ್ದು ಸಂಜೆಯ ವ್ಯವಸ್ಥೆ. ದೈಹಿಕ ಶಿಕ್ಷಕರು ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಬಡ್ಡಿ, ಖೊಖೊ ಆಡಿಸಲು ಒಪ್ಪಿದರು. ಬಳಿಕ ಮಕ್ಕಳು ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಹೋಗಿ ತಾಯಂದಿರು ವ್ಯಾನಿನಿಂದ ಇಳಿಯುವವರೆಗೆ ಅಲ್ಲಿರುತ್ತಾರೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತವಾಗಿತ್ತು. ಬೇಕಾಗಿದ್ದದ್ದು ಸಂಜೆ ಬಾಗಿಲು ತೆರೆದಿರುವುದು ಮಾತ್ರ. ಮಹೇಶ ಒಬ್ಬನನ್ನೇ ಕಳಿಸಿದರೆ ಬೆರಳು ತೋರಿಸುವಂತಾಗುತ್ತಿತ್ತು. ಎಲ್ಲರಿಗೂ ಇರುವ ವ್ಯವಸ್ಥೆಯಾದ್ದರಿಂದ ಅವನೂ ಹತ್ತರೊಡನೆ ಹನ್ನೊಂದನೆಯವನಾದ.

ದಸರಾ ರಜೆಯಲ್ಲಿ ಅವನು ಮತ್ತೆ ಮೂಸಿದ. ಶಾಲೆಯಿಲ್ಲ, ಆಟವಿಲ್ಲ, ಬಿಸಿಯೂಟವೂ ಇಲ್ಲ. ತಾಯಿಗೆ ತಾನೇ ಹೇಳಿದ. ತಾಯಿ ಹೊಡೆಯದೆ ನನಗೆ ಫೋನು ಮಾಡಿದರು. ಆ ದಿನ ಏನೇನಾಯಿತು ಎಂದು ಮೂವರೂ ಕೂತು ನೋಡಿದಾಗ, ರಜೆಗಳ ಯೋಜನೆಯೇ ನಮ್ಮಲ್ಲಿ ಇರಲಿಲ್ಲವೆಂಬುದು ಸ್ಪಷ್ಟವಾಯಿತು. ಅಂದಿನಿಂದ ಭಾನುವಾರ ಮತ್ತು ರಜೆಗಳಲ್ಲಿಯೂ ಅರಿವು ಕೇಂದ್ರದಲ್ಲಿ ಬೆಳಗಿನ ಹೊತ್ತು ಒಬ್ಬ ಸ್ವಯಂಸೇವಕ ಇರುವಂತೆ ಪಂಚಾಯಿತಿ ಏರ್ಪಾಡು ಮಾಡಿದೆ.

ಮಹೇಶನ ಜೊತೆ ಹೆಸರು ಹೊರಬಂದಿದ್ದ ಉಳಿದಿಬ್ಬರಲ್ಲಿ ಒಬ್ಬ ಚೆನ್ನಾಗಿದ್ದಾನೆ. ಇನ್ನೊಬ್ಬನ ಮನೆಯವರು ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋದರು; ಅಲ್ಲಿ ಅವನನ್ನು ಶಾಲೆಗೆ ಸೇರಿಸಿ ಗಮನವಿಡಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಪತ್ರ ಬರೆದಿದ್ದೇನೆ, ಉತ್ತರಕ್ಕಾಗಿ ಬೆನ್ನುಹತ್ತಿದ್ದೇನೆ. ಇಂಥ ಪರಿಸ್ಥಿತಿಯಲ್ಲಿರುವ ಶಿಕ್ಷಕರು, ಪೋಷಕರು ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ವ್ಯಸನಮುಕ್ತಿ ಸಹಾಯವಾಣಿ 14446 ಇವುಗಳಿಗೆ ಹೆಸರು ಹೇಳದೆಯೂ ಕರೆ ಮಾಡಿ ಸಲಹೆ ಕೇಳಬಹುದು.

ಮಹೇಶ ಈಗ 9ನೇ ತರಗತಿಗೆ ಪಕ್ಕದ ಪ್ರೌಢಶಾಲೆಗೆ ಸೇರಿದ್ದಾನೆ. ಹಳೆಯ ಶಾಲೆಯ ದೈಹಿಕ ಶಿಕ್ಷಕರ ಕಬಡ್ಡಿ ತಂಡದಲ್ಲಿ ಅವನನ್ನು ಮುಂದುವರಿಸಲು ಇಬ್ಬರು ಮುಖ್ಯೋಪಾಧ್ಯಾಯರೂ ಒಪ್ಪಿದ್ದಾರೆ. ಪ್ರಕರಣವನ್ನು ನಾನು ಮುಕ್ತಾಯಗೊಳಿಸಿಲ್ಲ. ಮುಂದಿನ ಬೇಸಿಗೆ ರಜೆ ಕಳೆಯುವವರೆಗೆ ಭೇಟಿಗಳು ಮುಂದುವರಿಯುತ್ತವೆ.