ಅಪ್ಪ ಅಮ್ಮನ ಜೊತೆ ಸಿಯಾಟಲ್‌ನಿಂದ ಅಲಾಸ್ಕಾ ಕ್ರೂಸ್: ಬುಕ್ ಮಾಡುವ ಮುಂಚೆ ಏನೇನು ನೋಡಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಊರೆಲ್ಲ ಕೇಳಿಕೊಂಡು ಓಡಾಡಿದ್ದೆ. ಮೈಸೂರಿನಿಂದ ಅಪ್ಪ ಅಮ್ಮ ಬೇಸಿಗೆಗೆ ಬರುತ್ತಿದ್ದಾರೆ, ಇಬ್ಬರಿಗೂ ಎಪ್ಪತ್ತರ ಆಸುಪಾಸು, ಸಸ್ಯಾಹಾರಿಗಳು, ನೀವು ಗಂಡ ಹೆಂಡತಿ ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದಲ್ಲಿದ್ದೀರಿ. ಸಿಯಾಟಲ್‌ನಿಂದ ಏಳು ದಿನದ ಅಲಾಸ್ಕಾ ಕ್ರೂಸ್‌ಗೆ ಯಾವ ಹಡಗು ಒಳ್ಳೆಯದು, ಬಾಲ್ಕನಿ ಬೇಕಾ, ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಕೇಳಿದ್ದೀರಿ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅಪ್ಪ ಅಮ್ಮ, ಎರಡನೇ ಸಲ ಅತ್ತೆ ಮಾವ. ಅತ್ತೆ ಮಾವನ ಟ್ರಿಪ್ ಸಲೀಸಾಗಿ ಆಯಿತು. ಅದಕ್ಕೆ ಕಾರಣ ಅಪ್ಪ ಅಮ್ಮನ ಟ್ರಿಪ್ಪಿನಲ್ಲಿ ತಿಂದ ಪೆಟ್ಟು.

ಹಡಗಿನ ಹೆಸರು ಆಮೇಲೆ. ಮೊದಲು ವೀಸಾ.

ಸಿಯಾಟಲ್‌ನಿಂದ ಹೊರಟು ಅಲಾಸ್ಕಾಗೆ ಹೋಗಿ ಸಿಯಾಟಲ್‌ಗೇ ವಾಪಸ್. ಎಲ್ಲ ಅಮೆರಿಕವೇ ತಾನೇ ಅಂದುಕೊಳ್ಳುತ್ತೇವೆ. ಆದರೆ 1886ರ ಒಂದು ಹಳೇ ಕಾನೂನು ಇದೆ. ವಿದೇಶಿ ಬಾವುಟದ ಹಡಗು ಅಮೆರಿಕದಲ್ಲಿ ಜನರನ್ನು ಹತ್ತಿಸಿ, ನಡುವೆ ಒಂದೂ ಬೇರೆ ದೇಶದ ಬಂದರು ಮುಟ್ಟದೆ ಅಮೆರಿಕದಲ್ಲೇ ಸುತ್ತಿಸುವ ಹಾಗಿಲ್ಲ. ಈ ದೊಡ್ಡ ಕ್ರೂಸ್ ಹಡಗುಗಳೆಲ್ಲ ಬಹಾಮಾಸ್, ಬರ್ಮುಡಾ, ನೆದರ್ಲೆಂಡ್ಸ್ ಹೀಗೆ ಎಲ್ಲೆಲ್ಲಿಯದೋ ಬಾವುಟದವು. ಹಾಗಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತವೆ. ಆ ಕೆಲವು ಗಂಟೆಗಾಗಿ ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ನಾಲ್ವರಿಗೂ ಕೆನಡಾ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಬೇಡ, ಎಚ್-1ಬಿಗೆ ಬೇಕು.

"ವಿಕ್ಟೋರಿಯಾದಲ್ಲಿ ಇಳಿಯದಿದ್ದರೆ ಆಯ್ತಲ್ಲ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನನ್ನ ಗೆಳೆಯನಿಗೆ ಟಿಕೆಟ್ ಮಾರಿದ ಏಜೆಂಟ್ ಹಾಗೇ ಹೇಳಿದ್ದರು. ಹಡಗುಕಟ್ಟೆಯ ಕೌಂಟರಿನಲ್ಲಿದ್ದ ಹುಡುಗಿ ಅವನ ಅತ್ತೆಯ ಪಾಸ್‌ಪೋರ್ಟಿನ ಹಾಳೆಗಳನ್ನು ಒಂದು ಸಲ ತಿರುಗಿಸಿದಳು, ಮತ್ತೆ ಮೊದಲಿಂದ ತಿರುಗಿಸಿದಳು, ಆಮೇಲೆ ಮೇಲಧಿಕಾರಿಯನ್ನು ಕರೆದಳು. ಅತ್ತೆ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಫೋಟೋಗೆ ರೆಡಿಯಾಗಿ ನಿಂತಿದ್ದರಂತೆ. ಆ ಸೀರೆಯಲ್ಲೇ ಮನೆಗೆ ವಾಪಸ್. ದುಡ್ಡೂ ಬರಲಿಲ್ಲ.

ಅಪ್ಪ ಅಮ್ಮ ಮೈಸೂರಿನಲ್ಲಿ ಇರುವಾಗಲೇ ಕೆನಡಾ ವೀಸಾಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಸಿ. ಒಬ್ಬರಿಗೆ ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೋಗೆ 85. ಇಲ್ಲಿಗೆ ಬಂದ ಮೇಲೂ ಹಾಕಬಹುದು. ಆದರೆ ಆಗ ಪಾಸ್‌ಪೋರ್ಟ್ ಅಂಚೆಯಲ್ಲಿ ಓಡಾಡುತ್ತದೆ, ಹಡಗಿನ ದಿನ ಹತ್ತಿರ ಬರುತ್ತಿರುತ್ತದೆ, ನಿಮ್ಮ ನಿದ್ದೆ ಹಾಳು. ಪಾಸ್‌ಪೋರ್ಟಿನಲ್ಲಿರುವ ನಿಮ್ಮ ಎಚ್-1ಬಿ ಸ್ಟ್ಯಾಂಪಿನ ಅವಧಿ ಮುಗಿದಿದ್ದರೆ ಅಮೆರಿಕಕ್ಕೆ ವಾಪಸ್ ಬರುವ ನಿಯಮವನ್ನು ಕಂಪನಿಯ ವಕೀಲರ ಹತ್ತಿರ ಒಮ್ಮೆ ಕೇಳಿಬಿಡಿ.

ಬುಕಿಂಗ್‌ಗೂ ವೀಸಾಗೂ ಸಂಬಂಧ ಇರುವುದು ಇಲ್ಲೇ. ಮುಂಗಡದಲ್ಲಿ ಎರಡು ತರ: ವಾಪಸ್ ಬರುವುದು, ಬರದಿರುವುದು. ಬರದಿರುವುದು ಸ್ವಲ್ಪ ಅಗ್ಗ. ನೀವು ವಾಪಸ್ ಬರುವುದನ್ನೇ ತೆಗೆದುಕೊಳ್ಳಿ. ಪೂರ್ತಿ ದುಡ್ಡು ಕಟ್ಟುವ ಕೊನೆಯ ದಿನ ಸಾಮಾನ್ಯವಾಗಿ ಹೊರಡುವುದಕ್ಕೆ ಸುಮಾರು ಮೂರು ತಿಂಗಳ ಮುಂಚೆ ಇರುತ್ತದೆ. ಅಷ್ಟರೊಳಗೆ ನಾಲ್ಕು ಪಾಸ್‌ಪೋರ್ಟಿನಲ್ಲೂ ವೀಸಾ ಅಂಟಿರಬೇಕು. ಇಲ್ಲದಿದ್ದರೆ ಕ್ಯಾನ್ಸಲ್ ಮಾಡಿ ಸುಮ್ನೆ ಕೂತುಬಿಡಿ. ಇನ್ನೊಂದು ಲಾಭವೂ ಇದೆ: ಆ ದಿನದವರೆಗೆ ಬೆಲೆ ಇಳಿದರೆ ಫೋನ್ ಮಾಡಿ ಕೇಳಬಹುದು, ಬಹಳಷ್ಟು ಕಂಪನಿಗಳು ಇಳಿಸಿ ಕೊಡುತ್ತವೆ. ಅವರಾಗಿ ಹೇಳುವುದಿಲ್ಲ, ನಾವೇ ವಾರಕ್ಕೊಮ್ಮೆ ನೋಡುತ್ತಿರಬೇಕು. ನನಗೆ ಒಂದು ಸಲ ನಾಲ್ವರಿಗೆ ಸೇರಿ ಇನ್ನೂರು ಡಾಲರ್ ಚಿಲ್ಲರೆ ಉಳಿಯಿತು. ಆಫರ್‌ಗಳು ಜಾಸ್ತಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ.

ಇನ್ನು ದಾರಿ. ಜಾಹೀರಾತಿನಲ್ಲಿ ನೀರಿನ ಜಾರುಬಂಡೆ, ಗೋಕಾರ್ಟ್ ಎಲ್ಲ ತೋರಿಸುತ್ತಾರೆ. ನಿಮ್ಮ ಅಪ್ಪ ಗೋಕಾರ್ಟ್ ಓಡಿಸುತ್ತಾರಾ? ಅವರು ನೋಡಬೇಕಾದ್ದು ಹಿಮನದಿ. ಅದಕ್ಕೇ ಹಡಗು ಯಾವ ಹಿಮನದಿಗೆ ಹೋಗುತ್ತದೆ, ಅಲ್ಲಿ ಎಷ್ಟು ಹೊತ್ತು ಇರುತ್ತದೆ ನೋಡಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅನುಮತಿ. ಹಾಲೆಂಡ್ ಅಮೆರಿಕ, ಪ್ರಿನ್ಸೆಸ್ ಕಂಪನಿಗಳ ಹಡಗುಗಳು ಅಲ್ಲಿಗೆ ಜಾಸ್ತಿ ಹೋಗುತ್ತವೆ. ಬೇರೆಯವು ಎಂಡಿಕಾಟ್ ಆರ್ಮ್‌ಗೋ ಹಬ್ಬರ್ಡ್ ಹಿಮನದಿಗೋ ಹೋಗುತ್ತವೆ, ಅವೂ ಚೆನ್ನಾಗಿವೆ. ಆದರೆ ಗ್ಲೇಸಿಯರ್ ಬೇಯಲ್ಲಿ ಉದ್ಯಾನದ ರೇಂಜರ್‌ಗಳೇ ಹಡಗು ಹತ್ತಿ ಮೈಕಿನಲ್ಲಿ ವಿವರಿಸುತ್ತಾರೆ, ಹೆಚ್ಚುಕಡಿಮೆ ಇಡೀ ದಿನ ಅಲ್ಲೇ ಕಳೆಯುತ್ತದೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಾಗ ಎಲ್ಲರೂ ಪಿಸುಮಾತಿಗೆ ಇಳಿದಿದ್ದರು. ಒಂದು ತುಂಡು ಕಳಚಿ ಬಿತ್ತು. ಮೊದಲು ಬಿದ್ದದ್ದು ಕಂಡಿತು, ಆಮೇಲೆ ಗುಡುಗಿನ ಹಾಗೆ ಸದ್ದು ಬಂತು. ಅಮ್ಮ ನನ್ನ ಕೈ ಹಿಡಿದುಕೊಂಡೇ "ಇನ್ನೊಂದು ಬೀಳುತ್ತಾ ನೋಡೋಣ ಇರು" ಎಂದು ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತರು.

ಸಿಯಾಟಲ್‌ನ ಹಡಗುಗಳಲ್ಲಿ ಒಂದು ತೊಂದರೆ ಇದೆ. ಕೆನಡಾದ ವ್ಯಾಂಕೂವರಿನಿಂದ ಹೊರಡುವವು ದ್ವೀಪಗಳ ಮರೆಯ ಶಾಂತ ನೀರಿನಲ್ಲಿ ಜಾಸ್ತಿ ಹೋಗುತ್ತವೆ. ಸಿಯಾಟಲ್‌ನವು ಬಹಳಷ್ಟು ಸಲ ವ್ಯಾಂಕೂವರ್ ದ್ವೀಪದ ಆಚೆ ಬದಿಯಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಮೊದಲ ರಾತ್ರಿಯೇ ಅಲುಗಾಟ ಶುರು. ಘಾಟಿ ಬಸ್ಸಿನಲ್ಲಿ ವಾಂತಿ ಆಗುವವರಾಗಿದ್ದರೆ ಊರಿನಿಂದಲೇ ಆವೋಮಿನ್ ಮಾತ್ರೆ ತರಿಸಿ. ಅದು ನಿದ್ದೆ ಬರಿಸುತ್ತದೆ, ಬಿಪಿ ಮಾತ್ರೆ ಜೊತೆ ತೆಗೆದುಕೊಳ್ಳಬಹುದಾ ಎಂದು ಅವರ ಡಾಕ್ಟರನ್ನೇ ಕೇಳಲಿ.

ಅಲುಗಾಟಕ್ಕೆ ಅರ್ಧ ಪರಿಹಾರ ರೂಮಿನ ಆಯ್ಕೆಯಲ್ಲಿದೆ. ಹಡಗಿನ ಉದ್ದದಲ್ಲಿ ನಡುವಿನ ಜಾಗ, ಎತ್ತರದಲ್ಲಿ ಕೆಳಗಿನ ಡೆಕ್, ಅಂದರೆ ಕೆಳಗಿನ ಅಂತಸ್ತು. ಡೆಕ್ ಪ್ಲ್ಯಾನ್ ತೆಗೆದು ನಿಮ್ಮ ರೂಮಿನ ಮೇಲೆ ಕೆಳಗೆ ಏನಿದೆ ನೋಡಿ. ಮೇಲೂ ಕೆಳಗೂ ರೂಮುಗಳೇ ಇದ್ದರೆ ಒಳ್ಳೆಯದು. ನಾವು ಮೊದಲ ಸಲ ಬಫೆಯ ಕೆಳಗೆ ಮಲಗಿದ್ದೆವು. ಬೆಳಗ್ಗೆ ಐದಕ್ಕೆ ಮೇಲೆ ಕುರ್ಚಿ ಎಳೆಯುವ ಸದ್ದು, ಥೇಟ್ ಮದುವೆ ಛತ್ರ. "ಗ್ಯಾರಂಟಿ" ಎಂದು ಅಗ್ಗದ ರೂಮು ತೋರಿಸುತ್ತಾರೆ. ಅದರಲ್ಲಿ ರೂಮು ಯಾವುದೆಂದು ಆರಿಸುವುದು ಕಂಪನಿ, ನೀವಲ್ಲ. ಅಪ್ಪ ಅಮ್ಮನಿಗೆ ಅದು ಬೇಡ.

ಬಾಲ್ಕನಿ ಬೇಕಾ ಎಂದಿರಲ್ಲ. ಅವರಿಗೆ ಬೇಕು, ನಿಮಗೆ ಬೇಡ. ಜುಲೈನಲ್ಲೂ ಹೊರಗೆ 12, 15 ಡಿಗ್ರಿ, ಹಿಮನದಿಯ ಹತ್ತಿರ ಇನ್ನೂ ಕಡಿಮೆ. ಅಪ್ಪ ಮಫ್ಲರ್ ಸುತ್ತಿ, ಶಾಲು ಹೊದ್ದು, ಕಾಫಿ ಹಿಡಿದು ಬಾಲ್ಕನಿಯಲ್ಲೇ ಮೂರು ದಿನ ಕಳೆದರು. ನಾವಿಬ್ಬರು ಎದುರುಗಡೆ, ಕಿಟಕಿ ಇಲ್ಲದ ಒಳಗಿನ ರೂಮಿನಲ್ಲಿದ್ದೆವು. ಕಾರಿಡಾರ್ ದಾಟಿದರೆ ಅವರ ರೂಮು. ಎರಡು ಬಾಲ್ಕನಿ ತೆಗೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಅಗ್ಗ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಒಳಗಿನ ರೂಮಿನ ಕತ್ತಲಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ. ಎಡ ಬದಿಯಾ ಬಲ ಬದಿಯಾ ಎಂದು ತಲೆ ಕೆಡಿಸಿಕೊಳ್ಳಬೇಡಿ, ಹಿಮನದಿಯ ಮುಂದೆ ಹಡಗನ್ನು ನಿಧಾನಕ್ಕೆ ತಿರುಗಿಸಿ ಎರಡೂ ಕಡೆಯವರಿಗೆ ತೋರಿಸುತ್ತಾರೆ.

ದುಡ್ಡಿನ ಲೆಕ್ಕಕ್ಕೆ ಒಂದು ಮಾತು. ತೋರಿಸುವ ಬೆಲೆ ಒಂದು ರೂಮಿಗಲ್ಲ, ಒಬ್ಬರಿಗೆ. ಅದೂ ರೂಮಿನಲ್ಲಿ ಇಬ್ಬರು ಇದ್ದರೆ. ತೆರಿಗೆ ಮತ್ತು ಬಂದರು ಶುಲ್ಕ ಸೇರಿದೆಯಾ ನೋಡಿ. ಸಿಬ್ಬಂದಿಯ ಟಿಪ್ಸ್ ಬೇರೆ, ತಲೆಗೆ ದಿನಕ್ಕೆ 17 ಡಾಲರ್ ಎಂದಿಟ್ಟುಕೊಂಡರೂ ನಾಲ್ವರಿಗೆ ಏಳು ದಿನಕ್ಕೆ 476 ಡಾಲರ್. ಕುಡಿಯದವರಿಗೆ ಡ್ರಿಂಕ್ಸ್ ಪ್ಯಾಕೇಜ್ ದಂಡ. ನೀರು, ಸಾದಾ ಕಾಫಿ, ಟೀ ಹೇಗೂ ಸಿಗುತ್ತದೆ. ಒಂದು ಫೋನಿಗೆ ಮಾತ್ರ ವೈಫೈ ಸಾಕು. ಹಡಗು ಹೊರಟ ಕೂಡಲೇ ಎಲ್ಲರ ಫೋನ್ ಏರ್‌ಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದುಕೊಂಡು ಬಿಲ್ ಏರಿಸುತ್ತದೆ. ಅಪ್ಪನ ಗುಡ್ ಮಾರ್ನಿಂಗ್ ಮೆಸೇಜ್‌ಗಳು ಎಷ್ಟು ದುಬಾರಿ ಎಂದು ನನಗೆ ಗೊತ್ತಾಗಿದ್ದು ಮುಂದಿನ ತಿಂಗಳು.

ಇನ್ಶೂರೆನ್ಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಅಪ್ಪ ಅಮ್ಮನಿಗೆ ಇಲ್ಲಿಗೆಂದು ಮಾಡಿಸಿದ ವಿಸಿಟರ್ ಪಾಲಿಸಿ ಸಮುದ್ರದಲ್ಲಿ, ಕೆನಡಾದಲ್ಲಿ ನಡೆಯುತ್ತದಾ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ. ಹಡಗಿನ ಡಾಕ್ಟರ್ ಫೀಸು ನೇರ ನಿಮ್ಮ ರೂಮಿನ ಖಾತೆಗೆ ಬೀಳುತ್ತದೆ. ಅಲಾಸ್ಕಾದಲ್ಲಿ ಹಡಗು ನಿಲ್ಲುವ ಊರುಗಳಲ್ಲಿ ದೊಡ್ಡ ಕಾಯಿಲೆ ಆದರೆ ವಿಮಾನದಲ್ಲೇ ಸಾಗಿಸಬೇಕು. ರಾಜಧಾನಿ ಜೂನೋಗೇ ಹೊರಗಿನಿಂದ ರಸ್ತೆ ಇಲ್ಲ.

ಊಟದ ಚಿಂತೆ ಬೇಡ. ಬುಕ್ ಮಾಡಿದ ಮೇಲೆ ಸಸ್ಯಾಹಾರ ಎಂದು ಕಂಪನಿಗೆ ತಿಳಿಸಿ, ಮೊದಲ ರಾತ್ರಿ ದೊಡ್ಡ ಡೈನಿಂಗ್ ಹಾಲಿನ ಮುಖ್ಯಸ್ಥರ ಹತ್ತಿರ ಹೋಗಿ ಖುದ್ದು ಹೇಳಿ. ಮಾರನೇ ದಿನದಿಂದ ಪಲ್ಯ, ದಾಲ್ ಮಾಡಿಸಿ ಕೊಡುತ್ತಾರೆ. ಹಡಗುಗಳಲ್ಲಿ ನಮ್ಮ ಕರಾವಳಿಯವರು, ಗೋವಾದವರು ಬಹಳ ಇದ್ದಾರೆ. ನಮಗೆ ಬಡಿಸುತ್ತಿದ್ದ ಹುಡುಗ ಉಡುಪಿ ಕಡೆಯವನು. ಅಮ್ಮ ಕನ್ನಡದಲ್ಲಿ ಗೊಣಗಿದ್ದು ಅವನಿಗೆ ಪೂರ್ತಿ ಕೇಳಿಸಿತ್ತು! ಆಮೇಲೆ ಮೊಸರು ಕೇಳದೇ ಬರತೊಡಗಿತು. ಮನೆಯಿಂದ ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಒಯ್ಯಿರಿ, ಬಫೆಯಲ್ಲಿ ಬಿಸಿನೀರು ಯಾವಾಗಲೂ ಇರುತ್ತದೆ. ಆದರೆ ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್ ಒಯ್ಯಬೇಡಿ. ಬೆಂಕಿಯ ಭಯಕ್ಕೆ ಸ್ಕ್ಯಾನಿಂಗ್‌ನಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅಮ್ಮನ ಪುಟ್ಟ ಕುಕ್ಕರ್ ಚೀಟಿ ಅಂಟಿಸಿಕೊಂಡು ಏಳು ದಿನ ಅವರ ಹತ್ತಿರವೇ ಇತ್ತು.

ಹಡಗು ನಿಲ್ಲುವ ಊರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕ್ಯಾಗ್‌ವೇಯಲ್ಲಿ ವೈಟ್ ಪಾಸ್ ರೈಲು ತಪ್ಪಿಸಬೇಡಿ. ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರೊಳಗೆ ಹಾಕಿದ ಸಣ್ಣ ಗೇಜಿನ ಹಳಿ, ಸುಮಾರು 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ನಡೆಯುವ ಕಷ್ಟವಿಲ್ಲ, ಕೂತಲ್ಲೇ ಎಲ್ಲ ಕಾಣುತ್ತದೆ. ಸುಬ್ರಹ್ಮಣ್ಯ ಘಾಟಿಯ ರೈಲಿನಲ್ಲಿ ಓಡಾಡಿದ ಅಪ್ಪ ಇದನ್ನು ನೋಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಜೂನೋದಲ್ಲಿ ತಿಮಿಂಗಿಲ ನೋಡುವ ದೋಣಿ, ಅದನ್ನು ಹೊರಗಿನವರ ಹತ್ತಿರ ಬುಕ್ ಮಾಡಿದರೆ ಅಗ್ಗ. ಆದರೆ ಹೊರಗಿನ ಟೂರ್ ತಡವಾದರೆ ಹಡಗು ಕಾಯುವುದಿಲ್ಲ, ಎರಡು ಗಂಟೆಯಾದರೂ ಕೈಯಲ್ಲಿ ಇಟ್ಟುಕೊಳ್ಳಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನ್ ಒಂದು ಹೇಳುತ್ತದೆ, ಅಪ್ಪನ ಎಚ್‌ಎಂಟಿ ಇನ್ನೊಂದು ಹೇಳುತ್ತದೆ, ನೀವು ಹಡಗಿನ ಸಮಯ ನಂಬಿ. ಕೆಚಿಕಾನ್‌ನಲ್ಲಿ ಮಲೆನಾಡಿನ ಆಷಾಢದ ಮಳೆ, ಕೊಡೆ ಗಾಳಿಗೆ ನಿಲ್ಲುವುದಿಲ್ಲ, ರೇನ್‌ಕೋಟ್ ಬೇಕು. ಮೇ, ಜೂನ್‌ನಲ್ಲಿ ಮಳೆ ಸ್ವಲ್ಪ ಕಡಿಮೆ.

ಬೇರೆ ಊರಿನಿಂದ ಸಿಯಾಟಲ್‌ಗೆ ವಿಮಾನದಲ್ಲಿ ಬರುವುದಾದರೆ ಹಿಂದಿನ ದಿನವೇ ಬನ್ನಿ. ಹಡಗುಕಟ್ಟೆ ಎರಡಿವೆ, ಪಿಯರ್ 66 ಮತ್ತು ಪಿಯರ್ 91. ಟಿಕೆಟ್‌ನಲ್ಲಿ ಯಾವುದಿದೆ ನೋಡಿಕೊಂಡು ಟ್ಯಾಕ್ಸಿ ಹತ್ತಿ. ವೀಲ್‌ಚೇರ್ ಬೇಕಿದ್ದರೆ ಮುಂಚೆಯೇ ಹೇಳಿ. ಹತ್ತುವಾಗ ದೊಡ್ಡ ಸೂಟ್‌ಕೇಸ್ ಅವರಿಗೆ ಕೊಡುತ್ತೀರಿ, ಅದು ರೂಮಿಗೆ ಬರುವುದು ಸಂಜೆಗೆ. ಮಾತ್ರೆ, ಪಾಸ್‌ಪೋರ್ಟ್, ಸ್ವೆಟರ್ ಕೈಚೀಲದಲ್ಲೇ ಇರಲಿ.

ಇಳಿಯುವಾಗಲೂ ಹಾಗೇ. ಕೊನೆಯ ರಾತ್ರಿ ಸೂಟ್‌ಕೇಸ್‌ಗಳನ್ನು ರೂಮಿನ ಬಾಗಿಲ ಹೊರಗೆ ಇಡಿ ಎನ್ನುತ್ತಾರೆ, ಬೆಳಗ್ಗೆ ಅವು ದಡದಲ್ಲಿ ಸಿಗುತ್ತವೆ. ಅಪ್ಪ ಬ್ಯಾಂಕಿನಲ್ಲಿದ್ದವರು, ಎಲ್ಲದರಲ್ಲೂ ಅಚ್ಚುಕಟ್ಟು. ರಾತ್ರಿ ಹತ್ತಕ್ಕೆಲ್ಲ ಪೂರ್ತಿ ಪ್ಯಾಕ್ ಮಾಡಿ ಬೀಗ ಹಾಕಿ ಹೊರಗಿಟ್ಟು ಮಲಗಿದರು. ಬೆಳಗ್ಗೆ ಆರಕ್ಕೆ ನಮ್ಮ ಬಾಗಿಲು ಬಡಿದಾಗ ಉಟ್ಟಿದ್ದು ಪಂಚೆ, ಬನಿಯನ್, ಮೇಲೆ ಹಡಗಿನವರ ಟವೆಲ್. ಪ್ಯಾಂಟು ಷರಟು ಅಷ್ಟು ಹೊತ್ತಿಗೆ ಇಳಿಸುವ ಸಾಮಾನಿನ ಜೊತೆ ಹೋಗಿಯಾಗಿತ್ತು. ನನ್ನ ಟ್ರ್ಯಾಕ್ ಪ್ಯಾಂಟು ಕೊಟ್ಟೆ, ನಾಲ್ಕು ಬೆರಳು ಉದ್ದ ಆಯಿತು. ಅದನ್ನು ಮಡಚಿಕೊಂಡು, ಮೇಲೆ ನನ್ನ ಹೆಂಡತಿಯ ರೇನ್‌ಕೋಟ್ ಹಾಕಿಕೊಂಡು, ಏನೂ ಆಗಿಲ್ಲವೆನ್ನುವ ಮುಖದಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ನಿಂತರು. ಅಮ್ಮ ಎರಡು ಮಾರು ದೂರದಲ್ಲಿ, ಯಾರೋ ಪರಿಚಯವಿಲ್ಲದವರ ಹಾಗೆ.